ಕರಿ ತುಂಡಿಲ್ಲದ ಕೌದಿ

ಮಧುಗಿರಿಯ ಕಲ್ಯಾಣಮಂಟಪದ ಬಾಗಿಲಲ್ಲಿ ಪ್ರೊಫೆಸರ್ ಮಹಾಲಿಂಗಯ್ಯನವರ ಆಳೆತ್ತರದ ಫ್ಲೆಕ್ಸ್ ಕಂಡಿದ್ದೇ ತಡ, ಅವರ ಪಿಎಚ್.ಡಿ. ವಿದ್ಯಾರ್ಥಿನಿ ಸಂಘಮಿತ್ರಾ ಮುಖ ಸಿಂಡರಿಸಿದಳು. 'ಸೌಂದರ್ಯ ಮತ್ತು ಸೃಜನಶೀಲತೆಯ ಮನೋವಿಜ್ಞಾನದಲ್ಲಿ ವರ್ಷದ ಶ್ರೇಷ್ಠ ಸಂಶೋಧನಾ ಪ್ರಶಸ್ತಿ ಪಡೆದವರಿಗೆ ಅಭಿನಂದನೆ.' ಅಭಿನಂದನಾ ಸಮಿತಿಯ ಅಧ್ಯಕ್ಷರೂ ಅವರೇ. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲು ಮಂಟಪ ಬೇರೆ ಬೇಕಾಗಿತ್ತು!

ಆ ಸಂಶೋಧನೆಗೆ ಚಪ್ಪಲಿ ಸವೆಸಿದವಳು ಇವಳು. ಎರಡು ವರ್ಷ ಮಿಡಿಗೇಶಿ, ಬಡವನಹಳ್ಳಿ ಎಂದು ಬಸ್ಸಿನಲ್ಲಿ ಅಲೆದು, ನಲವತ್ತು ಹೆಂಗಸರ ಮುಂದೆ ಹಳೆಬಟ್ಟೆ ಹರಡಿ, ಅವರು ಹೊಲಿದ ಕೌದಿಗಳ ಬಣ್ಣ, ಜೋಡಣೆ ಎಲ್ಲ ಬರೆದುಕೊಂಡಿದ್ದಳು. ನಲವತ್ತು ಕೌದಿಯಲ್ಲೂ ಒಂದು ಮೂಲೆಗೆ, ಯಾವುದಕ್ಕೂ ಹೊಂದದ ಕರಿ ತುಂಡು. ಯಾಕೆಂದು ಕೇಳಿದ್ದಕ್ಕೆ ಮಿಡಿಗೇಶಿಯ ರಂಗಕ್ಕ ನಕ್ಕಿದ್ದಳು.

"ಹೊದ್ಕಳೋರಿಗೆ ಕಣ್ಣು ತಾಕ್ಬಾರ್ದು ಅಂತ ಕಣವ್ವ. ಕರಿ ತುಂಡಿಲ್ದೆ ಹೊಲಿಯೋದು ಹೆಣಕ್ಕೆ. ಸತ್ತೋರ್ಗೆ ಯಾರ್ ಕಣ್ಣು ತಾಕ್ತೈತೆ?"

ಸಂಘಮಿತ್ರಾ ಅದನ್ನು ಅಕ್ಷರ ಬಿಡದೆ ಬರೆದುಕೊಟ್ಟಿದ್ದಳು. ಅಚ್ಚಾಗಿ ಬಂದದ್ದೇ ಬೇರೆ: ಅನಕ್ಷರಸ್ಥ ಹೆಂಗಸರ ಸೌಂದರ್ಯಪ್ರಜ್ಞೆ ಕೊನೆಯ ತುಂಡಿನ ಹೊತ್ತಿಗೆ ದಣಿಯುತ್ತದೆ, ಕರಿ ತುಂಡು ಆ ದಣಿವಿನ ತಪ್ಪು. ಪ್ರಶಸ್ತಿ ಬಂದಿದ್ದು ಈ 'ಶೋಧ'ಕ್ಕೆ.

ಅವಳು ಕೇಳಲು ಹೋದಾಗ ಮಹಾಲಿಂಗಯ್ಯನವರು ಕನ್ನಡಕ ಒರೆಸುತ್ತಾ, "ಕಣ್ಣು ತಾಕೋದು ಅಂತ ಕಂಡ ಕೂಡಲೇ ಓದೋದು ನಿಲ್ಲಿಸಿದೆ. ಮೂಢನಂಬಿಕೆಯನ್ನೆಲ್ಲ ನಾನು ಬರೆಯೋದಿಲ್ಲಮ್ಮ. ನಿನ್ನ ಪಿಎಚ್.ಡಿ.ಗೆ ಸಹಿ ಹಾಕಬೇಕಾದವನು ನಾನು, ಜ್ಞಾಪಕ ಇರಲಿ" ಎಂದಿದ್ದರು. ಅವಳು ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಅವರ ಮೇಲಿನ ಹೇಸಿಗೆಗಿಂತ ಆ ಬೀಗದ ಮೇಲಿನ ಹೇಸಿಗೆಯೇ ಅವಳಿಗೆ ಹೆಚ್ಚಾಗಿತ್ತು.

ಈಗ ಇನ್ನೊಂದು ನಾಟಕ. ಶಾಲಿನ ಬದಲು ವೇದಿಕೆಯಲ್ಲಿ ಕೌದಿ ಹೊದಿಸಬೇಕು, ಕರಿ ತುಂಡಿಲ್ಲದ್ದೇ ಆಗಬೇಕು ಎಂದು ರಂಗಕ್ಕನಿಗೆ ಅವರು ಹೇಳಿ ಕಳಿಸಿದ್ದರು. ತರಬೇತಿ ಕೊಟ್ಟರೆ ತಪ್ಪು ನಿಲ್ಲುತ್ತದೆಂದು ಜನ ಕಣ್ಣಾರೆ ನೋಡಬೇಕಂತೆ. "ಬೇಡ ಸಾರ್, ಅಂಥದು..." ಎಂದು ಸಂಘಮಿತ್ರಾ ಬಾಯಿ ತೆರೆದರೆ, ನೊಣ ಓಡಿಸುವಂತೆ ಕೈ ಬೀಸಿದರು.

ವೇದಿಕೆ ಮೇಲೆ ರಂಗಕ್ಕ ಕೌದಿಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

"ಬದುಕಿರೋರ ಮೈಮೇಲೆ ನಾನಿದ ಹೊದಿಸಾಕಿಲ್ಲ ಸಾಮಿ."

"ಪಾಪ, ನಾಚಿಕೆ!" ಮಹಾಲಿಂಗಯ್ಯನವರು ನಗುತ್ತಾ ಕೌದಿಯನ್ನು ಕಿತ್ತುಕೊಂಡು ತಾವೇ ಹೊದ್ದುಕೊಂಡರು. ಜನ ಚಪ್ಪಾಳೆ ತಟ್ಟಿದರು. ಅವರು ಮೈಕನ್ನು ಪಕ್ಕದಲ್ಲಿದ್ದ ಸಂಘಮಿತ್ರಾಳ ಕೈಗಿಟ್ಟರು. "ಈ ಕೌದಿಯ ವಿಶೇಷ ಏನು ಅಂತ ನೀನೇ ಹೇಳಮ್ಮ."

ಅವಳು ರಂಗಕ್ಕನ ಮುಖ ನೋಡಿದಳು. ಸಹಿಯ ನೆನಪಾಯಿತು. ಹಿಂದೆಯೇ ಬಾಯಿಗೆ ಹಾಕಿಕೊಂಡ ಬೀಗದ್ದೂ. ಎಷ್ಟು ದಿನ ಅಂತ ನುಂಗುವುದು?

"ನಮ್ಮ ಸೀಮೆ ಹೆಂಗಸರು ಕರಿ ತುಂಡು ಹಾಕೋದು ದಣಿವಿಗಲ್ಲ, ದೃಷ್ಟಿಗೆ. ಅಚ್ಚಾಗೋಕೆ ಮುಂಚೆಯೇ ಇದನ್ನ ಸಾರ್‌ಗೆ ಬರೆದುಕೊಟ್ಟಿದ್ದೆ. ಕರಿ ತುಂಡಿಲ್ಲದ ಕೌದೀನ ಹೆಣಕ್ಕೆ ಹೊದಿಸ್ತಾರೆ. ಸಾರ್ ಈಗ ಹೊದ್ದಿರೋದು ಅದೇ."

ಮಹಾಲಿಂಗಯ್ಯನವರ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಮೂಢನಂಬಿಕೆ ಎನ್ನುತ್ತಾರೆಂದು ಅವಳು ಕಾದಳು. ಅವರು ಅನ್ನಲಿಲ್ಲ. ಕೌದಿಯನ್ನು ಕಿತ್ತೆಸೆಯಲೂ ಅವರಿಗೆ ಕೈ ಬರಲಿಲ್ಲ. ತಗ್ಗಿದ ದನಿಯಲ್ಲಿ, "ಇದಕ್ಕೇನಾದ್ರೂ ಪರಿಹಾರ ಇದೆಯೇನಮ್ಮಾ?" ಎಂದು ರಂಗಕ್ಕನನ್ನು ಕೇಳಿದರು.

ರಂಗಕ್ಕ ಎಲೆಅಡಿಕೆ ಚೀಲದಿಂದ ಸೂಜಿ, ದಾರ, ಅಂಗೈಯಗಲದ ಕರಿ ತುಂಡು ತೆಗೆದಳು. ಮನೆಯಿಂದ ಹೊರಡುವಾಗಲೇ ತಂದಿದ್ದಳು.

"ವಸಿ ಬಗ್ಗಿ ಸಾಮಿ."

ಪ್ರಶಸ್ತಿ ವಿಜೇತರು ಬಗ್ಗಿದರು. ಜನರೆಲ್ಲ ನೋಡುತ್ತಿರುವಂತೆಯೇ, ಕೊನೆಯ ಹೊಲಿಗೆ ಬೀಳುವವರೆಗೂ ಅಲುಗಾಡದೆ ಬಗ್ಗಿಯೇ ನಿಂತರು. ರಂಗಕ್ಕ ಹಲ್ಲಿನಿಂದ ದಾರ ಕಡಿದು, ಸಂಘಮಿತ್ರಾಳ ಕಡೆ ತಿರುಗಿದಳು.

"ಬರ್ಕಳವ್ವ, ದಣ್ದು ಇದೊಂದು ತಪ್ಪು ಮಾಡ್ದೆ ಅಂತ."