ತಮ್ಮನ ಹೆಸರಿನಲ್ಲಿ ಆಡಿದವನು

ಮರದ ಶಿಲುಬೆಯ ಮೇಲೆ ‘ನಿಕಾನೊರ್’ ಎಂದು ಬರೆಯಲು ಬಣ್ಣದವನು ಕುಂಚ ಎತ್ತಿದ್ದೇ ತಡ, ಸತ್ತವನ ತಮ್ಮ ಬಂದು ಅವನ ಮಣಿಕಟ್ಟು ಹಿಡಿದುಕೊಂಡ.

“ಅದು ನನ್ನ ಹೆಸರು. ನಾನಿನ್ನೂ ಉಸಿರಾಡ್ತಾ ಇದೀನಿ.”

ಅಂಗಳದಲ್ಲಿ ಡಾಮಿನೊ ಬಿಲ್ಲೆ ಆಡುತ್ತಿದ್ದವರ ಕೈ ನಿಂತಿತು. ಸಾವಿನ ಮನೆಯಲ್ಲಿ ಡಾಮಿನೊ ನಿಂತದ್ದು ನಮ್ಮೂರು ಸ್ಯಾನ್ ಪೆದ್ರೊದ ಚರಿತ್ರೆಯಲ್ಲೇ ಮೊದಲು. ಚಂಡಮಾರುತ ಚಾವಣಿ ಹಾರಿಸಿಕೊಂಡು ಹೋದಾಗಲೂ ನಮ್ಮವರು ಆಟ ಮುಗಿಸಿಯೇ ಎದ್ದವರು.

“ಎಲಿಗಿಯೊ, ಇವತ್ತು ಬೇಡಪ್ಪ,” ಎಂದಳು ವಿಧವೆ ದಿಗ್ನಾ, ಮೈದುನನಿಗೆ. ಬಂದವರಿಗೆಲ್ಲ ಶುಂಠಿ ಕಷಾಯ ಕೊಟ್ಟು ಮಾತಾಡಿಸಿ ಅವಳ ದನಿ ಕೂತಿತ್ತು.

“ಇವತ್ತಲ್ದೆ ಇನ್ಯಾವತ್ತು ಅತ್ತಿಗೆ? ಎಲಿಗಿಯೊ ಅಂದ್ರೆ ಅಣ್ಣ. ಅವನು ನನ್ನ ಹೆಸರು ಹೊತ್ಕೊಂಡು ಮಣ್ಣಿಗೆ ಹೋದ್ರೆ, ನಾಳೆ ನನ್ನ ಯಾರು ಅಂತ ಹೂಳ್ತೀರಿ?”

“ಸಕ್ಕರೆ ಕಾರ್ಖಾನೆ ಹಳೇ ಬಾಯ್ಲರು ಅಂತ,” ಎಂದ ಡಾಮಿನೊ ಮೇಜಿನ ಚೆಪೆ. ಸತ್ತವನ ತಮ್ಮ ಆಯಸ್ಸೆಲ್ಲ ಸವೆಸಿದ್ದು ಆ ಕಾರ್ಖಾನೆಯಲ್ಲೇ.

*

ಅದು ಅಣ್ಣತಮ್ಮಂದಿರ ಹರೆಯದ ಕಾಲ. ಕಡಲಾಚೆಯ ಉತ್ತರದ ದೇಶದಿಂದ ಬೇಸ್‌ಬಾಲ್ ತಂಡದವರು ಹುಡುಗರನ್ನು ಆರಿಸಲು ಬಂದಿದ್ದರು. ಅಣ್ಣ ಎಲಿಗಿಯೊ ಚೆಂಡು ಎಸೆದರೆ ಹಿಡಿಯುವವನ ಕೈಗವಸಿನಿಂದ ಹೊಗೆ ಏಳುತ್ತಿತ್ತು. ಅವನು ತೋಳು ತಿರುಗಿಸಿದರೆ ಕಬ್ಬಿನ ಗದ್ದೆಯ ಹಕ್ಕಿಗಳು ದಾರಿ ಬದಲಿಸುತ್ತಿದ್ದವು. ನಂಬದವರು ಹಕ್ಕಿಗಳನ್ನೇ ಕೇಳಬಹುದು. ಆದರೆ ಅವನಿಗೆ ಇಪ್ಪತ್ತೊಂದು. ಬಂದವರಿಗೆ ಬೇಕಾದವರು ಹದಿನೇಳರವರು. ತಮ್ಮ ನಿಕಾನೊರ್‌ಗೆ ಹದಿನೇಳು.

“ಹೆಸರು ತಾನೇ? ಅಂಗಿ ಇದ್ದಂಗೆ,” ಎಂದಳು ತಾಯಿ, ಬೇಯಿಸಿದ ಬಾಳೆಕಾಯಿ ಜಜ್ಜುತ್ತ. “ಅಣ್ಣ ಹಾಕ್ಕೊಂಡು ಹೋಗಿ, ಬಂದ್ಮೇಲೆ ಕೊಡ್ತಾನೆ.”

“ನಾನೂ ಎಸೀತೀನಲ್ಲಮ್ಮ.”

“ನೀನು ಮುಂದಿನ ವರ್ಷ ಎಸಿಯೋವಂತೆ.”

ಮುಂದಿನ ವರ್ಷ, ಅಣ್ಣನ ಹೆಸರೂ ಹುಟ್ಟಿದ ದಾಖಲೆಯೂ ಹೊತ್ತ ಅವನಿಗೆ ಕಾಗದದ ಮೇಲೆ ಇಪ್ಪತ್ತೆರಡು. ಅವನ ತೋಳನ್ನು ತಂಡಗಳು ನೋಡಲಿಲ್ಲ, ಕಾರ್ಖಾನೆ ನೋಡಿತು.

ಅಣ್ಣ ಉತ್ತರದ ಸಣ್ಣ ಊರುಗಳಲ್ಲಿ ಬಸ್ಸಿನಲ್ಲೇ ಮಲಗಿ ಎದ್ದು ಆಡಿದ. ದೊಡ್ಡ ಮೈದಾನ ಸಿಕ್ಕಿದ್ದು ಒಂದೇ ಬೇಸಿಗೆ. ಆ ಬೇಸಿಗೆ ನಮ್ಮೂರಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ, ಎರಡು ಕತ್ತೆಗಳನ್ನೂ ಸೇರಿಸಿ, ನಿಕಾನೊರ್ ಎಂದೇ ಹೆಸರಿಟ್ಟರು. ಆಮೇಲೆ ಅವನ ಮೊಣಕೈ ಸೋತಿತು. ಊರಿಗೆ ಮರಳಿ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ. ಹಾದುಹೋಗುವವರು “ಏನ್ ನಿಕಾನೊರ್” ಎಂದರೆ ಕೈ ಎತ್ತುತ್ತಿದ್ದ. ಕೆಲಸ ಮುಗಿಸಿದ ತಮ್ಮ ಅದೇ ಬೀದಿಯಲ್ಲಿ ಹೋಗುತ್ತಿದ್ದ. ಹೆಸರು ವಾಪಸು ಕೇಳಲು ಬಾಯಿ ಬರಲಿಲ್ಲ.

*

ದಿಗ್ನಾ ಶಿಲುಬೆಯ ಪಕ್ಕದಲ್ಲೇ ಬಂದು ಕೂತಳು. ಊರೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು.

“ನಾನು ನಿಕಾನೊರ್‌ನ ಹೆಂಡ್ತಿಯಾಗೇ ಮುದುಕಿಯಾದೆ,” ಎಂದಳು. ಶಿಲುಬೆಯ ಮೇಲೆ ಕೈಯಾಡಿಸುತ್ತ, “ಜ್ವರ ಏರಿದಾಗ ಅವ್ರೇ ಅವ್ರನ್ನ ಕರ್ಕೊಳ್ತಿದ್ರು. ಎಲಿಗಿಯೊ, ಮನೆಗ್ ಬಾರೋ, ಅಂತ. ಅವ್ರಿಗೂ ಸಾಕಾಗಿತ್ತು ಅನ್ಸತ್ತೆ. ಬರಿಯಪ್ಪ. ಎಲಿಗಿಯೊ ಅಂತಲೇ ಬರಿ.”

ಮೈದುನ ಬಣ್ಣದವನ ಕೈ ಬಿಟ್ಟ.

ಸ್ಮಶಾನದಲ್ಲಿ ಬಿಸಿಲು ಎಂಥದೆಂದರೆ ಶಿಲುಬೆಗಳ ನೆರಳೂ ನೆರಳು ಹುಡುಕುತ್ತಿತ್ತು. ಶವಪೆಟ್ಟಿಗೆಯ ಅಡಿಗೆ ಎರಡು ಹಗ್ಗ ತೂರಿಸಿದರು. ಮೂರು ತುದಿಗೆ ಮೂವರು ನಿಂತರು, ನಾಲ್ಕನೆಯದು ಮಣ್ಣಿನ ಮೇಲೆ ಬಿದ್ದಿತ್ತು.

“ನಿಕಾನೊರ್,” ಎಂದಳು ದಿಗ್ನಾ, ಮೈದುನನ ಕಡೆ ತಿರುಗಿ. “ಆ ಹಗ್ಗ ಹಿಡ್ಕೊ.”

ಅವನು ಅಲ್ಲಾಡಲಿಲ್ಲ.

“ನಿಕಾನೊರ್,” ಎಂದಳು ಮತ್ತೆ.

ಟೋಪಿ ಎದೆಗೆ ಒತ್ತಿಕೊಂಡು, ಆ ಹೆಸರು ಕೇಳಿದ ಎಲ್ಲರ ಹಾಗೆ ಅವನೂ ಪೆಟ್ಟಿಗೆಯತ್ತ ನೋಡಿದ.