ತುಂಗಕ್ಕನ ಕೆಂಪು ಬಟ್ಟೆ

ತುಂಗಕ್ಕನ ಸೈಕಲ್ಲಿನ ಕ್ಯಾರಿಯರ್‌ಗೆ ಅಡ್ಡಲಾಗಿ ಒಂದು ಬಿದಿರು ಕೋಲು ಕಟ್ಟಿರುತ್ತಿತ್ತು. ಬಲಗಡೆಗೆ ತೋಳುದ್ದ ಚಾಚಿಕೊಂಡ ಅದರ ತುದಿಯಲ್ಲಿ ಕೆಂಪು ಬಟ್ಟೆಯ ಚೂರು. ಹಿಂದೆ ಬರುವ ಗಾಡಿಗಳಿಗೆ ಅದು ನಾಲಿಗೆ ತೋರಿಸಿ ಅಣಕಿಸುತ್ತಿದೆ ಅನ್ನಿಸುತ್ತಿತ್ತು ನನಗೆ. ಅಣಕವೇ ನನ್ನ ಕಸುಬಾಗಿದ್ದರಿಂದ ಆ ಬಟ್ಟೆಯ ಮೇಲೆ ನನಗೊಂದು ಬಗೆಯ ಸಲುಗೆ.

ತುಂಗಕ್ಕ ನಮ್ಮೂರಿನ ನರ್ಸು. ಔಷಧಿ ಪೆಟ್ಟಿಗೆ ಕಟ್ಟಿಕೊಂಡು ದಿನವೂ ಕೆರೆ ಏರಿಯಾಚೆಯ ಮನೆಗಳಿಗೆ ಹೋಗುವವಳು. ನಮ್ಮ ಕಾಲೇಜು ಬಸ್ಸೂ ಅದೇ ಹೊತ್ತಿಗೆ ಏರಿ ಹತ್ತುತ್ತಿತ್ತು. ರಸ್ತೆ ಕಿರಿದು. ಹಾಗಾಗಿ ಅವಳಿಗೂ ಡ್ರೈವರ್ ಮರಿಸ್ವಾಮಣ್ಣನಿಗೂ ಒಂದು ಒಪ್ಪಂದ. ಅವನು ಒಂದೇ ಸಲ ಹಾರನ್ ಒತ್ತಬೇಕು. ಅವಳು ಗಟ್ಟಿ ಅಂಚು ನೋಡಿ ಸರಿದು ಎರಡು ಸಲ ಬೆಲ್ ಹೊಡೆಯಬೇಕು. ಅಲ್ಲಿಯತನಕ ಬಸ್ಸು ಹಿಂದೆಯೇ.

"ಸೈಡ್ ಹೊಡ್ಕೊಂಡು ಹೋಗಣ್ಣ, ಕ್ಲಾಸಿಗೆ ಲೇಟಾಯ್ತು" ಎಂದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. "ಅಕ್ಕ ಹೇಳ್ಲಿ, ಹೋಗೋಣ."

ನಾನು ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಆ ಬಸ್ಸಿನ ಗೇರಿನ ನರಳಾಟವನ್ನೆಲ್ಲ ಬಾಯಲ್ಲೇ ನುಡಿಸುತ್ತಿದ್ದೆ. ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮರಿಸ್ವಾಮಣ್ಣನೇ.

ಅಂದು ಪರೀಕ್ಷೆ. ಏರಿಯ ಮೇಲೆ ಹಾರನ್ ಆಯಿತು. ಉತ್ತರವಿಲ್ಲ. ಬಸ್ಸು ತೆವಳಿತು. ಹುಡುಗರು ಗೊಣಗಿದರು. ಕೊನೆಗೆ 'ಟ್ರಿಣ್ ಟ್ರಿಣ್' ಕೇಳಿಸಿತು. ಮರಿಸ್ವಾಮಣ್ಣ ಬಲಕ್ಕೆ ತಿರುಗಿಸಿ ಮುಂದೆ ನುಗ್ಗಿದ. ಲಟಕ್ಕನೆ ಕೋಲು ಮುರಿಯಿತು. ತುಂಗಕ್ಕ ಸೈಕಲ್ ಸಮೇತ ಏರಿಯ ಇಳಿಜಾರಿನ ಹುಲ್ಲಿಗೆ ಉರುಳಿದಳು.

ಮರಿಸ್ವಾಮಣ್ಣ ಬ್ರೇಕ್ ಒತ್ತಿ ಓಡಿದ. "ಅಕ್ಕಾ, ಬೆಲ್ ಹೊಡೆದ್ಯಲ್ಲಾ?"

"ಎಲ್ಲಿ ಹೊಡೆದ್ನೋ ಮಾರಾಯ! ಅಂಚಿನುದ್ದಕ್ಕೂ ಜಲ್ಲಿ ಸುರಿದಿದ್ದಾರೆ, ಎಲ್ಲಿಗೆ ಸರೀಲಿ?" ಎಂದಳು, ಊದುತ್ತಿದ್ದ ಮಣಿಕಟ್ಟು ಹಿಡಿದುಕೊಂಡು.

ಅವನು ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಂಡ. "ಹಂಗಾರೆ ಕಿವಿ ಹೋಯ್ತು ನಂದು. ಇನ್ನು ಸ್ಟೇರಿಂಗ್ ಹಿಡಿಯೋನಲ್ಲ ನಾನು" ಎಂದು ಬಸ್ಸಿನ ಕೀಲಿಯನ್ನು ಕಂಡಕ್ಟರನ ಅಂಗೈಗೆ ಹಾಕಿದ.

ನಾನು ಬಸ್ಸಿಳಿದು ಅವರ ಮುಂದೆ ನಿಂತೆ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿದೆ.

"ಟ್ರಿಣ್ ಟ್ರಿಣ್."

ಮರಿಸ್ವಾಮಣ್ಣ ನನ್ನನ್ನೇ ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

"ಬೆಲ್ ಚೆನ್ನಾಗೇ ಹೊಡೀತೀಯಪ್ಪ" ಎಂದಳು ತುಂಗಕ್ಕ. "ಕೈ ವಾಸಿಯಾಗೋವರೆಗೂ ಈ ಪೆಟ್ಟಿಗೆ ಕಟ್ಕೊಂಡು ಸೈಕಲ್ಲು ನೀನೇ ಹೊಡ್ಕೊಂಡು ಬಾ. ಬಸ್ಸಲ್ಲಿ ನಿನ್ನ ಸೀಟು ನನಗಿರ್ಲಿ." ಆಮೇಲೆ ಕಂಡಕ್ಟರನ ಕಡೆ ತಿರುಗಿದಳು. "ಆ ಕೀಲಿ ಕೊಡಪ್ಪ ಅವನಿಗೆ. ಕಿವಿ ನೆಟ್ಟಗಿದೆ."

ಮರುದಿನ ಹೊಸ ಕೋಲು ಕಟ್ಟಿ, ಅದೇ ಕೆಂಪು ಬಟ್ಟೆ ಸಿಕ್ಕಿಸಿ ಏರಿ ಹತ್ತಿದೆ. ಬೆನ್ನ ಹಿಂದೆ ಬಸ್ಸಿನ ಉಸಿರು. ಒಳಗೆ ಕೂತವನಿಗೆ ಅದು ಅಷ್ಟು ದೊಡ್ಡದೆಂದು ಯಾವತ್ತೂ ತಿಳಿದಿರಲಿಲ್ಲ. ಒಂದು ಹಾರನ್. ಪಕ್ಕದಲ್ಲಿನ್ನೂ ಜಲ್ಲಿ; ಪೆಡಲ್ ತುಳಿಯುತ್ತಲೇ ಹೋದೆ.

ಅಷ್ಟರಲ್ಲಿ ಬಸ್ಸಿನಲ್ಲಿ ನನ್ನ ಸೀಟಿನ ಕಿಟಕಿಯಿಂದ ಹೆಂಗಸಿನ ದನಿಯಲ್ಲಿ ಭಾರೀ ಕೆಟ್ಟದಾಗಿ, "ಟಿರ್ರಿಣ್! ಟಿರ್ರಿಣ್!"

ನನ್ನ ಜೀವ ಬಾಯಿಗೆ ಬಂತು. ಮರಿಸ್ವಾಮಣ್ಣ ಗಹಗಹಿಸಿ ನಕ್ಕ; ಬಸ್ಸು ಮಾತ್ರ ಹಿಂದೆಯೇ ಉಳಿಯಿತು.

ಜಲ್ಲಿ ಮುಗಿದು ಗಟ್ಟಿ ಮಣ್ಣು ಸಿಕ್ಕಿತು. ಸರಿದೆ. ಹೆಬ್ಬೆರಳಿನಿಂದ ಎರಡು ಸಲ ನಿಜವಾದ ಬೆಲ್ ಒತ್ತಿದೆ. ಬಸ್ಸು ನನ್ನನ್ನು ದಾಟಿ ಹೋಯಿತು, ಕೋಲಿನ ತುದಿಯಿಂದಾಚೆಗೂ ಇನ್ನೊಂದು ತೋಳುದ್ದ ಜಾಗ ಬಿಟ್ಟು. ಕೆಂಪು ಬಟ್ಟೆ ಅದರ ಗಾಳಿಗೆ ಒಮ್ಮೆ ಅಲುಗಿ ಸುಮ್ಮನಾಯಿತು.