ಅತ್ತಿಗೆಗೆ ಕೊಟ್ಟ ಮಾತು

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ‘ಒತ್ತಕ್ಕ’ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕರಡು ತಿದ್ದುವ ಕೆಲಸ. ಒಂದು ಒತ್ತಕ್ಷರ ತಪ್ಪಿದರೂ ಅವಳ ಕೆಂಪು ಪೆನ್ನಿನಿಂದ ಪಾರಾಗುತ್ತಿರಲಿಲ್ಲ. ಹಾಗಾಗಿ ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಊರವರ ತಪ್ಪುಗಳನ್ನೆಲ್ಲ ತಿದ್ದುತ್ತಲೇ ನಲವತ್ತಾರು ದಾಟಿದವಳು, ನಾಲ್ಕು ವರ್ಷ ಬೆಳಗಿನ ಹೊತ್ತು ಬೇಗ ಎದ್ದು ತಾನೇ ಒಂದು ಕಾದಂಬರಿ ಬರೆದಿದ್ದಳು. ಅದನ್ನು ಓದಿದ ಯಜಮಾನರು, “ಬೇರೆಯವರ ಪುಸ್ತಕ ಹಾಕಿ ಹಾಕಿ ಸಾಕಾಯ್ತು, ನಮ್ಮನೆ ಹುಡುಗೀದು ಒಂದು ಹಾಕೋಣ” ಎಂದು ತಾವೇ ಅಚ್ಚಿಗೆ ತೆಗೆದುಕೊಂಡಿದ್ದರು.

ಆ ಮಂಗಳವಾರ ಬೆಳಗ್ಗೆ ಅವಳು ಚೀಲವನ್ನು ಮೊಳೆಗೆ ತಗುಲಿಸುತ್ತಿರುವಾಗ ಯಜಮಾನರು ಕನ್ನಡಕವನ್ನು ಹಣೆಗೇರಿಸಿಕೊಂಡು ನಗುತ್ತ ಬಂದರು.

“ನಿನಗೊಂದು ಖುಷಿ ಸುದ್ದಿ ಕಣಮ್ಮ. ಮುಖಪುಟ ಯಾರ ಹತ್ರ ಮಾಡಿಸ್ತಿದ್ದೀನಿ ಹೇಳು ನೋಡೋಣ?”

“ಯಾರ ಹತ್ರ ಸರ್?”

“ನಿಮ್ಮಣ್ಣನ ಹತ್ರ! ಹೋದ ಗುರುವಾರವೇ ಕರಡು ಕಳಿಸಿಕೊಟ್ಟೆ. ನಿನಗೆ ಗೊತ್ತಾಗದ ಹಾಗೆ ಮಾಡಿಸಿ ಆಶ್ಚರ್ಯಪಡಿಸೋಣ ಅಂತಿದ್ದೆ, ಬಾಯಿ ಕೇಳಬೇಕಲ್ಲ.”

“ಅಣ್ಣ ಕಾದಂಬರಿ ಎಲ್ಲ ಓದೋನಲ್ಲ ಸರ್” ಎಂದಳು, ತನಗೇ ಧೈರ್ಯ ಹೇಳಿಕೊಳ್ಳುವವಳಂತೆ.

“ಯಾರು ಹೇಳಿದ್ದು? ನಮ್ಮ ಮುಖಪುಟ ಮಾಡೋವಾಗೆಲ್ಲ ಎರಡೆರಡು ಸಲ ಓದ್ತಾನೆ. ಓದದೇ ಕುಂಚ ಮುಟ್ಟಲ್ಲ ಅವನು.”

ಯಜಮಾನರು ಹೋದ ಮೇಲೆ ಅವಳು ಮೇಜಿನ ಮೇಲಿದ್ದ ಕರಡಿನ ಒಂದೇ ಸಾಲನ್ನು ಏಳೆಂಟು ಸಲ ಓದಿದಳು. ಗುರುವಾರ ಕೊಟ್ಟಿದ್ದಾರೆ. ಶುಕ್ರ, ಶನಿ, ಭಾನು, ಸೋಮ. ಎರಡು ಸಲ ಓದುವವನಾದರೆ ಎರಡು ಸಲವೂ ಮುಗಿದಿರಬೇಕು. ಒಂದು ಫೋನಿಲ್ಲ.

ಹೆದರಿಕೆಯೆಲ್ಲ ಹನ್ನೆರಡನೆಯ ಅಧ್ಯಾಯದ್ದು.

ಎಂಟು ವರ್ಷದ ಹಿಂದೆ ಅತ್ತಿಗೆ ಆಸ್ಪತ್ರೆಯಲ್ಲಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಒಂದು ಮಧ್ಯಾಹ್ನ ಇವಳು ಟೀ ತುಂಬಿದ ಫ್ಲಾಸ್ಕ್ ಹಿಡಿದು ಬಾಗಿಲು ತಳ್ಳಿದಾಗ ಅಣ್ಣ ಮಂಚದ ಪಕ್ಕ ಕೂತು, ತೊಡೆಯ ಮೇಲೆ ಚಿಕ್ಕ ಪುಸ್ತಕ ಇಟ್ಟುಕೊಂಡು ಪೆನ್ಸಿಲಿನಲ್ಲಿ ಅತ್ತಿಗೆಯ ಮುಖ ಬರೆಯುತ್ತಿದ್ದ. ಅತ್ತಿಗೆಯ ಕಣ್ಣು ಮುಚ್ಚಿತ್ತು. ತಂಗಿಯನ್ನು ಕಂಡದ್ದೇ ಅವನು ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡ. ಆಮೇಲೆ ಹೊರಗೆ ಬಂದು, “ಇದನ್ನ ಯಾರಿಗೂ ಹೇಳ್ಬೇಡ ಪುಟ್ಟಿ” ಎಂದಷ್ಟೇ ಹೇಳಿದ್ದ. ಅವಳು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಹೇಳಲಿಲ್ಲ, ಬರೆದಳು. ಕಾದಂಬರಿಯಲ್ಲಿ ಅವನೊಬ್ಬ ಶಿಲ್ಪಿ. ಹೆಂಡತಿ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವಾಗ, ನೀರು ಕೊಡುವುದನ್ನೂ ಮರೆತು ಅವಳ ಮುಖದ ಗೆರೆಗಳನ್ನು ಕಾಗದಕ್ಕಿಳಿಸುವ ಮನುಷ್ಯ. ಅಣ್ಣನ ಗುರುತು ಸಿಗದಿರಲೆಂದು ಊರು ಬದಲಿಸಿದ್ದಳು, ಕಸುಬು ಬದಲಿಸಿದ್ದಳು, ಜೀವಮಾನದಲ್ಲಿ ಮೀಸೆ ಬಿಡದ ಅಣ್ಣನ ಮೂತಿಗೆ ಒಂದು ದಪ್ಪ ಮೀಸೆಯನ್ನೂ ಅಂಟಿಸಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಈಗ ಆ ಮೀಸೆಯನ್ನು ನೆನೆಸಿಕೊಂಡರೆ ಅವಳಿಗೇ ನಾಚಿಕೆಯಾಯಿತು.

ಬುಧವಾರ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಗುರುವಾರ ಅವನೇ ಮುದ್ರಣಾಲಯಕ್ಕೆ ಫೋನ್ ಮಾಡಿ ಪುಸ್ತಕದ ಬೆನ್ನು ಎಷ್ಟು ದಪ್ಪ ಬರುತ್ತದೆ ಎಂದು ಯಜಮಾನರನ್ನು ಕೇಳಿದ. ಎರಡು ಮಾರು ದೂರದಲ್ಲಿ ಕೂತಿದ್ದ ತಂಗಿಯನ್ನು ಕರೆಯಿರಿ ಎನ್ನಲಿಲ್ಲ. ಅವಳು ಮುಳ್ಳಿನ ಮೇಲೆ ಕೂತವಳ ಹಾಗೆ ದಿನ ದೂಡಿದಳು. ಅನ್ನ ಸೇರಲಿಲ್ಲ. ಗಂಡ “ಹುಷಾರಿಲ್ವಾ?” ಎಂದು ಕೇಳಿದರೆ ಅವನ ಮೇಲೇ ರೇಗಿದಳು.

ಶುಕ್ರವಾರ ಯಜಮಾನರು ಒಂದು ಹಾಳೆ ಹಿಡಿದು ಬಂದರು. ಯಾವುದೋ ಶಾಲೆಯ ಕರಪತ್ರ. ಅವಳು ತಿದ್ದಿ ಸಹಿ ಹಾಕಿ ಕಳಿಸಿದ್ದು. ಮೇಲೆ ದಪ್ಪಕ್ಷರದಲ್ಲಿ ‘ಮಕ್ಕಳ ಕತ್ತೆ ಸ್ಪರ್ಧೆ’ ಎಂದಿತ್ತು.

“ಒತ್ತಕ್ಕ, ಕತೆಗೆ ಒತ್ತು ಕೊಟ್ಟು ಕತ್ತೆ ಮಾಡಿದ್ದೀಯಲ್ಲ ತಾಯಿ! ಮೇಷ್ಟ್ರು ನೋಡಿದ್ರೆ ನನ್ನ ಮೇಲೆ ಸವಾರಿ ಮಾಡ್ತಾರೆ. ಏನಾಗಿದೆ ನಿನಗೆ?”

ಅಕ್ಷರ ಜೋಡಿಸುವವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವಳೂ ನಗಲು ಹೋದಳು, ಕಣ್ಣಲ್ಲಿ ನೀರು ಬಂತು. ಅರ್ಧ ದಿನ ರಜೆ ಹೇಳಿ ಚೀಲ ತೆಗೆದುಕೊಂಡು ಹೊರಟಳು.

ಅಣ್ಣನ ಕೋಣೆ ಒಂದು ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿತ್ತು. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುವುದು, ಮನಸ್ಸಿಗೆ ಮುಖಪುಟ. ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತುವಾಗ ಏನು ಹೇಳಬೇಕೆಂದು ಜೋಡಿಸಿಕೊಂಡಳು: ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ನಾಲ್ಕು ಮಾತು. ಬಾಗಿಲಲ್ಲಿ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ನಾಲ್ಕೂ ಮರೆತುಹೋದವು.

ಅಣ್ಣ ಗೋಡೆಗೆ ಒರಗಿಸಿದ ತಗಡಿನ ಮೇಲೆ ಒಂದು ‘ಕ್ಷ’ ಬರೆಯುತ್ತಿದ್ದ. ತಿರುಗಿ ನೋಡದೆ, “ಸ್ಟೂಲ್ ಮೇಲೆ ಬಣ್ಣ ಹಸಿ ಇದೆ, ಕುರ್ಚಿ ಮೇಲೆ ಕೂತ್ಕೋ” ಎಂದ. ಕರಡು ಮೇಜಿನ ಮೇಲಿತ್ತು. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು.

“ಓದಿದ್ಯಾ ಅಣ್ಣ?”

“ಹೂಂ.”

“ಪೂರ್ತಿ?”

“ಮೀಸೆ ಚೆನ್ನಾಗಿದೆ.”

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. “ತಪ್ಪಾಯ್ತು ಅಣ್ಣ. ನೀನು ಹೇಳ್ಬೇಡ ಅಂದಿದ್ದೆ. ನಿಲ್ಲಿಸಿಬಿಡ್ತೀನಿ. ಸೋಮವಾರ ಅಚ್ಚು ಶುರು. ಇವತ್ತೇ ಹೋಗಿ ಬೇಡ ಅಂದುಬಿಡ್ತೀನಿ.”

ಅಣ್ಣ ಅಕ್ಷರದ ಬಾಲವನ್ನು ಎಳೆದು ಮುಗಿಸಿ, ಕುಂಚವನ್ನು ಡಬ್ಬಿಯಲ್ಲಿ ಅದ್ದಿಟ್ಟು, ಕೈ ಒರೆಸಿಕೊಂಡು ಎದುರು ಬಂದು ಕೂತ.

“ನನ್ನನ್ನ ಕಟುಕನ ಹಾಗೆ ಬರ್ದಿದ್ದೀಯ. ಬರಿ, ಪರವಾಗಿಲ್ಲ. ಆದ್ರೆ ಅವಳನ್ನ ಯಾಕೆ ಮೂಗಿ ಮಾಡಿದೆ?”

ಅವಳಿಗೆ ಅರ್ಥವಾಗಲಿಲ್ಲ.

“ಇಡೀ ಅಧ್ಯಾಯದಲ್ಲಿ ಅವಳು ಒಂದು ಮಾತಾಡಲ್ಲ. ಸುಮ್ನೆ ಮಲಗಿರ್ತಾಳೆ, ನಾನು ಕದ್ದು ಬರೀತೀನಿ. ಕದ್ದು ಬರೆದದ್ದಲ್ಲ ಕಣೇ ಅದು. ಅವಳೇ ಬರಿ ಅಂದದ್ದು. ‘ನನ್ನ ಮುಖ ನೋಡ್ಕೊಂಡು ಗೊಳೋ ಅಂತ ಕೂತಿರ್ತೀಯಲ್ಲ, ಅದರ ಬದಲು ಕೈಗೆ ಕೆಲಸ ಕೊಡು’ ಅಂದಳು. ಕಣ್ಣು ಬಿಟ್ಟಾಗೆಲ್ಲ ಪುಸ್ತಕ ಇಸ್ಕೊಂಡು ನೋಡೋಳು. ‘ಮೂಗು ಯಾಕೆ ಇಷ್ಟು ದಪ್ಪ? ಕಾಯಿಲೆ ಬಂದಿರೋದು ಮೂಗಿಗಲ್ಲ’ ಅಂತ ಬೈಯ್ಯೋಳು. ನೀನು ಬಾಗಿಲು ತೆಗೆದಾಗ ಹತ್ತು ನಿಮಿಷ ನಿದ್ದೆ ಹತ್ತಿತ್ತು, ಅಷ್ಟೇ. ನೀನು ಆ ಹತ್ತು ನಿಮಿಷಾನ ಹದಿನೈದು ಪುಟ ಮಾಡಿದ್ದೀಯ.”

“ಹಾಗಾದ್ರೆ ಯಾರಿಗೂ ಹೇಳ್ಬೇಡ ಅಂದದ್ದು ಯಾಕೆ?”

“ಅಮ್ಮ ಇದ್ದಳಲ್ಲ. ಉಳೀತಾಳೆ, ಉಳೀತಾಳೆ ಅಂತ ಕಾಯ್ತಿದ್ದಳು. ಮುಖ ಬರೀತಿದ್ದೀನಿ ಅಂದ್ರೆ ಆಸೆ ಬಿಟ್ಟಿದ್ದೀನಿ ಅಂತ ತಾನೆ?”

ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಕರಡನ್ನು ಮುಚ್ಚಿಟ್ಟು, “ಆ ಚಿತ್ರಗಳನ್ನ ಒಂದ್ಸಲ ತೋರಿಸ್ತೀಯಾ?” ಎಂದಳು.

“ಇಲ್ಲ” ಎಂದ, ಕಡ್ಡಿ ಮುರಿದ ಹಾಗೆ. ಆಮೇಲೆ ಸ್ವಲ್ಪ ಮೆತ್ತಗೆ, “ನಿಲ್ಲಿಸು ಅಂತ ನಾನೆಲ್ಲಿ ಅಂದೆ? ತಿದ್ದು. ಊರೋರದ್ದೆಲ್ಲ ತಿದ್ದಲ್ವಾ ನೀನು?”

ಹನ್ನೆರಡನೆಯ ಅಧ್ಯಾಯ ತಿದ್ದಿಕೊಡುತ್ತೇನೆ ಎಂದಾಗ ಯಜಮಾನರು ಗೊಣಗಿದರು, ತಲೆ ಚಚ್ಚಿಕೊಂಡರು, ಕೊನೆಗೆ “ಸೋಮವಾರ ಹತ್ತು ಗಂಟೆ. ಹನ್ನೊಂದಾದ್ರೆ ಹಳೇದೇ ಅಚ್ಚಾಗುತ್ತೆ” ಎಂದರು. ಶನಿವಾರ ಬೆಳಗಿನಿಂದ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಅತ್ತಿಗೆಯ ಬಾಯಿಂದ ಒಂದು ಮಾತು ಹೊರಡಲಿಲ್ಲ. ಬರೆದದ್ದೆಲ್ಲ ನಾಟಕದ ಮಾತಿನಂತೆ ಕೇಳಿತು. ಹರಿದಳು, ಬರೆದಳು, ಮತ್ತೆ ಹರಿದಳು. ಮೊದಲು ಕದ್ದದ್ದು ಅಣ್ಣನದು, ಈಗ ಕದಿಯುತ್ತಿರುವುದು ಬೇಡ ಎನ್ನಲೂ ಬದುಕಿಲ್ಲದವಳದು ಎಂಬ ಯೋಚನೆ ಬಂದು ಪೆನ್ನು ಕೆಳಗಿಟ್ಟಳು. ಶನಿವಾರ ಹಾಗೇ ಹೋಯಿತು.

ಭಾನುವಾರ ಪಾತ್ರೆ ತೊಳೆಯುತ್ತ ನಿಂತಿದ್ದಾಗ ನೆನಪಾಯಿತು. ಅತ್ತಿಗೆಗೆ ‘ಪಾಪ’ ಎಂಬ ಮಾತು ಕಂಡರಾಗುತ್ತಿರಲಿಲ್ಲ. ಆಸ್ಪತ್ರೆಗೆ ಬಂದ ಬಂಧುವೊಬ್ಬಳು ಮಂಚದ ಬುಡದಲ್ಲಿ ನಿಂತು ಮೂರು ಸಲ “ಪಾಪ” ಎಂದಾಗ, ಅತ್ತಿಗೆ ಒಂದು ಕಣ್ಣು ಬಿಟ್ಟು, “ಯಾರು ಮಾಡಿದ್ದು?” ಎಂದು ಕೇಳಿದ್ದಳು. ಒತ್ತಕ್ಕ ಒದ್ದೆ ಕೈಯಲ್ಲೇ ಓಡಿಬಂದು ಅದನ್ನು ಬರೆದಳು. ಆಮೇಲೆ ಅತ್ತಿಗೆ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಹನ್ನೊಂದು ಪುಟವಾಗಿತ್ತು.

ಸೋಮವಾರ ಒಂಬತ್ತಕ್ಕೇ ಅಣ್ಣ ಮುದ್ರಣಾಲಯಕ್ಕೆ ಬಂದ. ಹೊಲಿಗೆ ಹಾಕಬೇಕಾದ ಪುಸ್ತಕಗಳನ್ನು ಪಕ್ಕಕ್ಕೆ ಸರಿಸಿ, ಹಲಗೆಯ ಮೇಲೆ ಕೂತು, ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದ. ಅವಳು ಎದುರು ನಿಂತಳು. ಬೇರೆಯವರ ಬರಹದ ಮೇಲೆ ಗೀಟೆಳೆದು ಎಳೆದು ಅಭ್ಯಾಸವಾದವಳಿಗೆ, ಗೀಟಿಗೆ ಕಾಯುವವರ ಪಾಡು ಅಂದೇ ತಿಳಿದದ್ದು. ಐದನೆಯ ಪುಟದಲ್ಲಿ ಅವನು ಮೂಗಿನಲ್ಲೇ ನಕ್ಕ. ಏಳನೆಯದರಲ್ಲಿ ಕನ್ನಡಕ ತೆಗೆದು ಒರೆಸಿಕೊಂಡ. ಹತ್ತನೆಯ ಪುಟದಲ್ಲಿ ನಿಂತ.

“ಇದನ್ನ ಅವಳು ಹೇಳಿಲ್ಲ.”

ಯಾವುದೆಂದು ಅವಳಿಗೆ ಗೊತ್ತಿತ್ತು. ಹೆಂಡತಿ ಗಂಡನಿಗೆ ಹೇಳುತ್ತಾಳೆ: “ಕಣ್ಣು ಕೊನೆಗೆ ಬರಿ. ಅಲ್ಲೀತನಕ ನೀನು ಎದ್ದು ಹೋಗೋ ಹಾಗಿಲ್ಲ.”

“ಇಲ್ಲ. ಅದು ನಾನು ಹುಟ್ಟಿಸಿದ್ದು.”

“ಎದ್ದು ಹೋಗ್ತೀನಿ ಅನ್ನೋ ಭಯ ಅವಳಿಗೆ ಯಾವತ್ತೂ ಇರ್ಲಿಲ್ಲ. ತೆಗೆದುಬಿಡು.”

ಅವಳು ಆ ಸಾಲನ್ನು ನೋಡಿದಳು. ನಾಲ್ಕು ವರ್ಷದಲ್ಲಿ ಬರೆದದ್ದರಲ್ಲೆಲ್ಲ ಅದಕ್ಕಿಂತ ಒಳ್ಳೆಯ ಸಾಲು ಇರಲಿಲ್ಲ. “ಅಣ್ಣ, ಅದೊಂದು ಇರ್ಲಿ” ಎಂದಳು. ತನ್ನ ದನಿ ತನಗೇ ಭಿಕ್ಷೆ ಬೇಡಿದಂತೆ ಕೇಳಿಸಿತು.

ಅಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. “ಪುಸ್ತಕ ನಿಂದು” ಎಂದು ಹೇಳಿ, ಉಳಿದ ಒಂದು ಪುಟ ಓದಿ ಮುಗಿಸಿ, ಸುರುಳಿ ಸುತ್ತಿದ ಮುಖಪುಟವನ್ನು ಯಜಮಾನರ ಕೈಗಿಟ್ಟು ಮೆಟ್ಟಿಲಿಳಿದ. ಮುಖಪುಟದಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರಗಳಿದ್ದವು.

ಹತ್ತಕ್ಕೆ ಐದು ನಿಮಿಷ ಇತ್ತು. ಅವಳು ಕೆಂಪು ಪೆನ್ನನ್ನು ಬಿಚ್ಚಿ ಆ ಸಾಲಿನ ಮೇಲೆ ಹಿಡಿದಳು. ಮುಚ್ಚಳ ಹಾಕಿದಳು. ಮತ್ತೆ ಬಿಚ್ಚಿದಳು. ಯಜಮಾನರು ಒಳಗಿನಿಂದ “ಆಯ್ತೇನಮ್ಮ?” ಎಂದು ಕೂಗಿದರು. “ಆಯ್ತು ಸರ್” ಎಂದು ಹಾಳೆಗಳನ್ನು ಹಾಗೆಯೇ ಕೊಟ್ಟುಬಿಟ್ಟಳು.

ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು. ಓದಿದವರೆಲ್ಲ ಹನ್ನೆರಡನೆಯ ಅಧ್ಯಾಯದ ಆ ಒಂದು ಮಾತನ್ನೇ ಎತ್ತಿ ಪತ್ರ ಬರೆದರು. ಪತ್ರ ಬಂದಾಗಲೆಲ್ಲ ಅವಳಿಗೆ ಖುಷಿಯಾಗುತ್ತಿತ್ತು, ಆದರೆ ಒಂದನ್ನೂ ಅಣ್ಣನಿಗೆ ತೋರಿಸುತ್ತಿರಲಿಲ್ಲ. ಅಣ್ಣ ಮೊದಲಿನ ಹಾಗೇ ಮಾತಾಡುತ್ತಿದ್ದ. ಆದರೆ ಹೇಳುತ್ತ ಹೇಳುತ್ತ ನಡುವೆ ತಟ್ಟನೆ ನಿಂತು, “ಇದನ್ನೂ ಬರೀತೀಯಾ?” ಎನ್ನುತ್ತಿದ್ದ. ತಮಾಷೆಯೋ ನಿಜವೋ ಅವಳಿಗೆ ತಿಳಿಯುತ್ತಿರಲಿಲ್ಲ.

ಆರು ತಿಂಗಳ ಮೇಲೆ ಒಂದು ಸಂಜೆ ಅವಳು ಅಣ್ಣನ ಕೋಣೆಯಲ್ಲಿದ್ದಾಗ ಕೆಳಗಿನ ಸೈಕಲ್ ಅಂಗಡಿಯವನು ಮೇಲೆ ಬಂದ. ಅತ್ತಿಗೆಯನ್ನು ಚೆನ್ನಾಗಿ ಬಲ್ಲವನು. ಪುಸ್ತಕವನ್ನು ಹೆಂಡತಿಯಿಂದ ಓದಿಸಿ ಕೇಳಿದ್ದನಂತೆ.

“ಮೀಸೆ ಇಟ್ಟರೇನು, ಅದು ನೀವೇ ಅಂತ ಗೊತ್ತಾಗಲ್ವಾ ಅಣ್ಣಾವ್ರೇ? ಕಣ್ಣು ಕೊನೆಗೆ ಬರಿ ಅಂದ್ರಲ್ಲ ನಿಮ್ಮ ಮನೆಯವರು... ಎಂಥಾ ಮಾತು!”

ಅವಳು ಅಣ್ಣನ ಕಡೆ ನೋಡಿದಳು. ಅಣ್ಣ ಬೋರ್ಡಿನಿಂದ ಮುಖ ತಿರುಗಿಸಲಿಲ್ಲ.

“ಹೂಂ” ಎಂದ. “ಹಾಗೇ ಅಂತಿದ್ದಳು.”

ಸೈಕಲ್ ಅಂಗಡಿಯವನು ಇಳಿದುಹೋದ. ಅವಳು ಅಣ್ಣನ ಬೆನ್ನನ್ನೇ ನೋಡುತ್ತ ಕುಳಿತಳು. ತಂಗಿಯ ಮಾನ ಉಳಿಸಲು ಹಾಗೆಂದನೋ, ಅಥವಾ ಅತ್ತಿಗೆ ಆಡಿದ ಮಾತು ಯಾವುದು, ತಂಗಿ ಆಡಿಸಿದ್ದು ಯಾವುದು ಎಂಬುದು ಅವನಿಗೇ ಮರೆಯುತ್ತ ಬಂದಿದೆಯೋ? ಕೇಳಬೇಕೆಂದು ಬಾಯಿ ತೆರೆದಳು. ಕುಂಚ ತಗಡಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆಯುತ್ತಿತ್ತು. ಕೇಳಲು ಧೈರ್ಯ ಬರಲಿಲ್ಲ.